ಎಡೆಕುಂಟೆಯ ಮೇಲೆ ನಿಂತ ಸೈಕಲ್ಲು

ಆಗ ನಮ್ಮ ಮಾನ್ವಿಯ ಕಡೆ ರಸ್ತೆ ಎಂದರೆ ಮಳೆಯಲ್ಲಿ ಯರೆಮಣ್ಣಿನ ಕೆಸರು, ಮಳೆ ಹೋದ ಮೇಲೆ ಜಾಲಿಮುಳ್ಳು. ದೂರದಲ್ಲೆಲ್ಲೋ ಮಹಾಯುದ್ಧ ನಡೆದಿತ್ತಂತೆ. ಅದು ನಡೆದದ್ದೇ ನಮ್ಮ ಮನೆಯ ಸೈಕಲ್ಲಿಗೆ ಸಾಮಾನು ಸಿಗಬಾರದೆಂದು, ಹಾಗೆಂದೇ ನಾನು ನಂಬಿದ್ದೆ. ರಾಯಚೂರಿನ ಅಂಗಡಿಗಳಿಗೆ ಹೋದರೂ ಟ್ಯೂಬಿಲ್ಲ, ನಟ್ಟು ಬಿಗಿಯುವ ಪಾನಾ ಇಲ್ಲ. ನಮ್ಮ ಕಾಕಾ, ಅಪ್ಪನ ತಮ್ಮ, ಮಲ್ಲಟದ ಶಾಲೆಯಲ್ಲಿ ಮಾಸ್ತರ. ನಿಜಾಮರ ಕಾಲದಲ್ಲಿ ಶಾಲೆಗೆ ರಜೆ ಶುಕ್ರವಾರ. ಶನಿವಾರ ಸೈಕಲ್ ತುಳಿದು ಹೋದವನು ಗುರುವಾರ ಸಂಜೆ ಅದನ್ನು ನೂಕಿಕೊಂಡು ಬರುತ್ತಿದ್ದ.

ನನಗೆ ಹನ್ನೆರಡು ತುಂಬಿತ್ತು. ಕೂತಲ್ಲಿ ಕೂರುವ ಜಾತಿಯಲ್ಲ ನಾನು. "ಇದು ಕಾಲಿಗೆ ಗಾಲಿ ಕಟ್ಕೊಂಡ ಹುಟ್ಟ್ಯದ" ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ದೀಪಾವಳಿ ಕಳೆದ ಮೇಲೆ ದೇವದುರ್ಗದ ಕಡೆಯ ಅರಕೇರಾದಿಂದ ನನ್ನನ್ನು ನೋಡಲು ಬರುವವರಿದ್ದರು. ಮದುವೆಯ ಹೆದರಿಕೆ ನನಗಿರಲಿಲ್ಲ, ಓರಗೆಯವರೆಲ್ಲ ಒಬ್ಬೊಬ್ಬರಾಗಿ ಹೋಗುತ್ತಲೇ ಇದ್ದರು. ಅರಕೇರಾದವರು ಬರುವುದರೊಳಗೆ ಒಂದು ಸಲ, ಒಂದೇ ಸಲ, ರಸ್ತೆಯ ಮೇಲೆ ಸೈಕಲ್ ಹೊಡೆಯಬೇಕು ಎಂಬುದೊಂದೇ ನನ್ನ ಚಿಂತೆ. ಆಮೇಲೆ ನನ್ನನ್ನು ಯಾರು ಬಿಟ್ಟಾರು?

ಕಾಕಾನೊಡನೆ ಕರಾರು ಆಗಿತ್ತು. "ಔಜಾರ ನೀ ಹೊಂದಸು ಬೇ ನೀಲಾ, ಹೊಡಿಯೋದು ನಾ ಕಲಸ್ತೀನಿ."

ಅಲ್ಲಿಂದ ವಾರವಿಡೀ ನನಗೆ ರಿಪೇರಿಯ ಸಲಕರಣೆಗಳದೇ ಧ್ಯಾನ. ಟೈರು ಎಬ್ಬಿಸಲು ಆಯಿಯ, ಎಂದರೆ ನಮ್ಮ ಅಜ್ಜಿಯ, ಹಿತ್ತಾಳೆ ಸೌಟಿನ ಹಿಡಿ ಸಿಕ್ಕಿತು. ಸೌಟು ಹೇಗೆ ಮುರಿಯಿತೆಂದು ಆಯಿ ಬಹಳ ದಿನ ಕೇಳಿದಳು. ಗಾಲಿಯ ಕಡ್ಡಿ ಬಿಗಿಯಲು ಹಳೆಯ ಬೀಗದ ಕೀಲಿಕೈ ಸಾಕಾಯಿತು. ಕಮ್ಮಾರನ ಕುಲುಮೆಯ ಮುಂದೆ ಕೂತು ಅವನ ತಲೆ ತಿಂದು, ಅದರ ತುದಿಗೆ ಅರದಿಂದ ಸೀಳು ಹಾಕಿಸಿಕೊಂಡೆ. ಹಳೆಯ ಟ್ಯೂಬಿನ ತುಂಡುಗಳನ್ನು ಪಂಕ್ಚರಿಗೆ ಹಚ್ಚಲೆಂದು ಇಟ್ಟಿಗೆ ಚೂರಿನಿಂದ ತಿಕ್ಕಿ ಬೆರಳ ತುದಿ ಸುಲಿದುಕೊಂಡೆ. ಚೈನಿಗೆ ಅಡುಗೆಮನೆಯ ಕುಸುಬೆ ಎಣ್ಣೆ ಬಿಟ್ಟದ್ದು ಮಾತ್ರ ಕೆಟ್ಟಿತು. ಅದು ಒಣಗಿ ಅಂಟಾಗಿ, ಚೈನು ಹೊರಳದೆ, ಕಾಕಾ ಮಲ್ಲಟದ ದಾರಿಯಲ್ಲಿ ನನ್ನ ಹೆಸರು ಹಿಡಿದು ಬೈದನಂತೆ. ಬಂಡಿಯ ಅಚ್ಚಿಗೆ ಹಾಕುವ ಔಡಲೆಣ್ಣೆಯೇ ಸರಿ ಎಂದು ಆಗ ತಿಳಿಯಿತು. ಪುಂಡಿಪಲ್ಯ ಹಚ್ಚಿಕೊಂಡು ರೊಟ್ಟಿ ಮುರಿಯುವಾಗಲೂ ನನ್ನ ಕೈಗೆ ಔಡಲದ ವಾಸನೆ.

ಸ್ಟ್ಯಾಂಡಿನದೇ ದೊಡ್ಡ ಕೆಲಸ. ಹಿತ್ತಿಲಲ್ಲಿ ಎಡೆಕುಂಟೆ ಇತ್ತು, ಜೋಳದ ಸಾಲುಗಳ ನಡುವಿನ ಕಳೆ ತೆಗೆಯುವ ಸಣ್ಣ ಕುಂಟೆ. ಅದನ್ನು ತಿರುವಿ ಹಾಕಿದರೆ ಅಡ್ಡಮರದ ದಿಂಡು ನೆಲಕ್ಕೆ, ಎರಡು ಕಾಲು ಮೇಲಕ್ಕೆ, ಅಂಗಾತ ಬಿದ್ದ ಆಡಿನ ಹಾಗೆ. ಆ ಕಾಲುಗಳ ಒಳಬದಿಗೆ ಜಾಲಿಯ ಕವಲುಗಳನ್ನು ಹಗ್ಗದಿಂದ ಬಿಗಿದು, ಕವಲಿನೊಳಗೆ ಹಿಂದಿನ ಗಾಲಿಯ ಅಚ್ಚನ್ನು ಕೂರಿಸಿದೆ. ಗಾಲಿ ನೆಲ ಬಿಟ್ಟು ನಿಂತಿತು! ನಾನು ಕುಣಿಯುವಷ್ಟರಲ್ಲಿ ಆಯಿ ಬಂದಳು.

"ಅಯ್ಯ ಯವ್ವಾ, ಒಕ್ಕಲುತನದ ಸಾಮಾನು ತಲಿಕೆಳಗ ಮಾಡ್ತಾರೇನ ಬೇ? ಬೆಳಿ ಮಕಾಡೆ ಬೀಳ್ತದ!"

"ಬೆಳಿ ಅಲ್ಲ ಆಯಿ, ಸೈಕಲ್ ಮ್ಯಾಲೆದ್ದದ ನೋಡು."

ಬಯ್ದುಕೊಳ್ಳುತ್ತಲೇ ಆಯಿ ಒಳಗಿನಿಂದ ವಿಭೂತಿ ತಂದು ಕುಂಟೆಯ ದಿಂಡಿಗೆ ಎಳೆದಳು. ತಿರುವಿದ್ದಕ್ಕೆ ಅದೇ ಪರಿಹಾರ. ಆಮೇಲೆ ಪ್ರತಿ ಗುರುವಾರ ಸಂಜೆ ಕುಂಟೆಗೆ ವಿಭೂತಿ ಬೀಳತೊಡಗಿತು.

ಶುಕ್ರವಾರ ನನ್ನ ದಿನ. ದಿಂಡಿನ ಮೇಲೆ ಕಾಲಿಟ್ಟು ಸೀಟು ಹತ್ತಿ, ಉಟ್ಟ ಪರಕಾರ ಎತ್ತಿ ಕಟ್ಟಿ, ತುದಿಗಾಲಲ್ಲಿ ಪೆಡಲ್ ತುಳಿಯುತ್ತಿದ್ದೆ. ಕುಂಟೆಯ ಕಾಲಿಗೆ ಪೊರಕೆಕಡ್ಡಿಯೊಂದನ್ನು ಕಟ್ಟಿರುತ್ತಿದ್ದೆವು. ಗಾಲಿ ಸೊಟ್ಟಾದ ಕಡೆ ಅದು ಚರ್ ಎಂದು ತಾಕುತ್ತಿತ್ತು. ಇಳಿದು ಅಲ್ಲಿ ಗಾಲಿಯ ಕಡ್ಡಿ ಬಿಗಿಯುವುದು, ಹತ್ತಿ ಮತ್ತೆ ತುಳಿಯುವುದು. ಕೊನೆಗೆ ಕಾಕಾನಿಗಿಂತ ನನ್ನ ಕೈಯೇ ಚಲೋ ಆಗಿ, ಅವನು ಸುಮ್ಮನೆ ಚಹಾ ಕುಡಿಯುತ್ತ ಕೂರತೊಡಗಿದ. ಆದರೆ ಎಷ್ಟು ತುಳಿದರೂ ಎದುರಿಗೆ ಅದೇ ಗೋಡೆ, ಗೋಡೆಯ ಮೇಲೆ ಅವ್ವ ಸಗಣಿಯಿಂದ ತಟ್ಟಿದ ಅದೇ ಕುಳ್ಳು. ಗಾಲಿ ಹಿರೇಕೊಟ್ನೆಕಲ್ ದಾಟುವಷ್ಟು ಓಡಿದರೂ ನಾನು ಹಿತ್ತಿಲಲ್ಲೇ. ಮೈಯೆಲ್ಲ ಚಡಪಡಿಸಿ ಅಳು ಬರುತ್ತಿತ್ತು.

"ಕಾಕಾ, ಯಾವಾಗ ರಸ್ತಾಕ್ಕ ಹೋಗೋದು?"

"ಗಾಲಿ ನೆಟ್ಟಗಾಗ್ಲಿ ತಡಿ."

ಗಾಲಿ ನೆಟ್ಟಗಾಯಿತು. "ಬ್ರೇಕಿನ ರಬ್ಬರ್ ಸವದಾವ. ಅವು ಆಗ್ಲಿ ತಡಿ." ತಡಿ, ತಡಿ, ತಡಿ! ದೀಪಾವಳಿಯೂ ಆಗಿಹೋಯಿತು.

ಅರಕೇರಾದವರು ಶುಕ್ರವಾರ ಸಂಜೆಗೆ ಬರುತ್ತಾರೆಂದು ಸುದ್ದಿ ಬಂತು. ಅಂದು ಬೆಳಗಿನಲ್ಲೇ ನಾನು ಸವೆದ ಬ್ರೇಕಿನ ರಬ್ಬರುಗಳನ್ನು ಕಿತ್ತು, ಹಳೆಯ ಟೈರಿನಿಂದ ಹೊಸವನ್ನು ಕೆತ್ತುತ್ತ ಕೂತಿದ್ದೆ. ಅಪ್ಪ ಹೊಲಕ್ಕೆ ಹೊರಟು ನಿಂತವನು ಹಿತ್ತಿಲಿಗೆ ಬಂದ. "ಎಡಿ ಹೊಡಿಯಾಕ ಕುಂಟಿ ಬೇಕು, ಬಿಡಸು." ನಾನು ಬಿಡಿಸುವವರೆಗೂ ಕಾಯದೆ ತಾನೇ ಹಗ್ಗ ಹರಿದು, ಸೈಕಲ್ಲನ್ನು ಕಟ್ಟೆಗೆ ಒರಗಿಸಿ, ಕುಂಟೆ ಹೊತ್ತು ಹೋದ.

ನನ್ನ ಪಾಲಿಗೆ ಮೊದಲ ಸಲ ಎರಡೂ ಗಾಲಿ ನೆಲದ ಮೇಲಿದ್ದವು. ಕಾಕಾ ಕ್ಷೌರಕ್ಕೆ ಹೋಗಿದ್ದ, ಅವ್ವ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಬೆಲ್ಲ, ಏಲಕ್ಕಿಯ ಘಮ ಹಿತ್ತಿಲವರೆಗೂ ಬಂದಿತ್ತು. ನಾನು ಸೈಕಲ್ಲನ್ನು ರಸ್ತೆಯ ಪಕ್ಕದ ಕಲ್ಲಿನವರೆಗೆ ನೂಕಿ, ಕಲ್ಲು ಹತ್ತಿ, ಸೀಟಿಗೆ ಕೂತು, ನೂಕಿಕೊಂಡೆ.

ಎರಡು ಸಲ ವಾಲಿತು. ಮೂರನೆಯ ಸಲ ವಾಲಲಿಲ್ಲ. ರಸ್ತೆ ಹಳ್ಳದ ಕಡೆ ಇಳಿಜಾರು. ಗೋಡೆ ಇಲ್ಲ, ಕುಳ್ಳು ಇಲ್ಲ! ಗಿಡಗಳು ಹಿಂದೆ ಓಡಿದವು, ಮುಖಕ್ಕೆ ಗಾಳಿ ಬಡಿಯಿತು, ನಾನು ಹೋ ಎಂದು ಕೂಗುತ್ತಿದ್ದೆ. ಅಂಥ ಸಂತೋಷ ನನಗೆ ಮತ್ತೆ ಯಾವ ಬಾಣಂತನದಲ್ಲೂ ಆಗಲಿಲ್ಲ. ಆಗಲೇ ನೆನಪಾಯಿತು, ಬ್ರೇಕಿಲ್ಲ. ಇಳಿಯುವುದು ಹೇಗೆಂದೂ ಗೊತ್ತಿಲ್ಲ. ಕುಂಟೆಯ ಮೇಲಿದ್ದಾಗ ದಿಂಡಿಗೆ ಕಾಲಿಟ್ಟರೆ ಮುಗಿಯುತ್ತಿತ್ತು. ಇಲ್ಲಿ ಕಾಲು ನೆಲಕ್ಕೆ ಎಟುಕುವುದಿಲ್ಲ.

ಎದುರಿಗೆ ಸವಾರಿ ಬಂಡಿ ಬಂತು. ಬಂಡಿಯಲ್ಲಿದ್ದ ಮುದುಕಿ ಕೈಯೆತ್ತಿ ಕೇಳಿದಳು. "ಏ ಹುಡುಗಿ, ಮಲ್ಲಟದ ಮಾಸ್ತರ ಮನಿ ಎಲ್ಲಿ ಅದ ಬೇ?"

"ಹಿಂದ ಅದರಿ, ಬೇವಿನ ಗಿಡದ ಮನಿ! ನಮ್ಮ ಮನೀನ ರೀ!" ಎಂದು ಕೂಗುತ್ತ ಅವರನ್ನು ದಾಟಿ ಹೋಗಿ ಹಳ್ಳದ ಬಂಡೆಗೆ ಬಡಿದು ಬಿದ್ದೆ. ಸಂಜೆಗೆ ಬರಬೇಕಾದ ಅರಕೇರಾದವರು ಮಧ್ಯಾಹ್ನದೊಳಗೇ ಬಂದಿದ್ದರು.

ಕುಂಟುತ್ತ ಮನೆ ಸೇರಿದಾಗ ಅವ್ವ ನನ್ನನ್ನು ಹಿತ್ತಿಲ ಬಾಗಿಲಿನಿಂದ ಒಳಗೆಳೆದು ಸೀರೆ ಸುತ್ತಿದಳು. ಮೊಣಕಾಲಿನ ರಕ್ತ ಸೀರೆಗೆ ಅಂಟುತ್ತಿತ್ತು. ಆ ಮುದುಕಿ ಹುಡುಗನ ಅಜ್ಜಿಯಂತೆ, ಆಕೆಯ ಮುಂದೆ ತಲೆ ತಗ್ಗಿಸಿ ಕೂತೆ. ಈಕೆ ಒಲ್ಲೆ ಎಂದು ಎದ್ದು ಹೋಗಲಿ ಎಂದು ಒಳಗೊಳಗೇ ಬೇಡಿಕೊಂಡೆ. ಆಕೆ ಹೋಳಿಗೆ ತಿಂದಳು, ನನ್ನ ಗದ್ದ ಹಿಡಿದೆತ್ತಿ ನೋಡಿದಳು, ನಕ್ಕಳು ಕೂಡ.

"ಹುಡುಗಿ ಗಟ್ಟಿ ಅದಾಳ. ನಮಗ ಒಪ್ಪಿಗಿ. ಸೈಕಲ್ ಮಾತ್ರ ಇವತ್ತಿಗೇ ಬಿಡಸ್ರಿ."

"ಆಗ್ಲಿರಿ" ಎಂದ ಹೊಲದಿಂದ ಓಡಿಬಂದಿದ್ದ ಅಪ್ಪ. ಕಾಕಾ ನನ್ನ ಕಡೆ ನೋಡಲಿಲ್ಲ.

ಮದುವೆಯಾಗಿ ಹೋದ ಅರಕೇರಾದ ಮನೆಯಲ್ಲಿ ನನಗೆ ಯಾರೂ ಕೇಡು ಮಾಡಲಿಲ್ಲ. ಆ ಮುದುಕಿ ತನ್ನ ಬಂಗಾರದ ಬಿಲ್ವಾರವನ್ನು ನನ್ನ ಕೈಗೇ ಹಾಕಿ ಕಣ್ಮುಚ್ಚಿದಳು. ಈಗ ನಮ್ಮ ಓಣಿಯ ಹುಡುಗಿಯರು ಸೈಕಲ್ಲಿನಲ್ಲಿ ಗಂಟೆ ಬಾರಿಸುತ್ತ ಶಾಲೆಗೆ ಹೋಗುತ್ತಾರೆ. ಸ್ವಲ್ಪ ಕೆಟ್ಟರೂ ಅಂಗಡಿಗೆ ಒಯ್ದು ಬಿಟ್ಟು ಬರುತ್ತಾರೆ, ಒಬ್ಬಳ ಕೈಗೂ ಎಣ್ಣೆಯ ವಾಸನೆ ಇಲ್ಲ. ಅವರನ್ನು ನೋಡಿ ಖುಷಿಯೂ ಆಗುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ. ಸುಳ್ಳೇಕೆ ಹೇಳಲಿ?

ಒಪ್ಪಿಗೆಯಾದ ಅಂದು ಸಂಜೆ ಕಾಕಾ ಹಳ್ಳದಿಂದ ಸೈಕಲ್ ಎತ್ತಿ ತಂದಿದ್ದ. ಮುಂದಿನ ಗಾಲಿ ಪೂರಾ ಸೊಟ್ಟಾಗಿತ್ತು. ಮಾರನೆಯ ದಿನ ಅದನ್ನು ಬಂಡಿಗೆ ಹಾಕಿ ರಿಪೇರಿಗೆಂದು ರಾಯಚೂರಿಗೆ ಕಳಿಸಿದರು. ನಾನು ಬಾಗಿಲಲ್ಲೇ ನಿಂತಿದ್ದೆ, ಯಾರೂ ನನ್ನನ್ನು ಕರೆಯಲಿಲ್ಲ. ನಾನಾಗಿದ್ದರೆ ಅದನ್ನು ಒಂದು ಮುಂಜಾನೆಯಲ್ಲಿ ನೆಟ್ಟಗೆ ಮಾಡುತ್ತಿದ್ದೆ.