ಹಲಸೂರಿನ ಒಂದೇ ಏಟು

ಹಲಸೂರಲ್ಲಿ ಆಟೋ ನಿಲ್ಲಿಸೋ ವಿಚಾರಕ್ಕೆ ಇನ್ನೊಬ್ಬ ಡ್ರೈವರ್ ಜೊತೆ ಜಗಳವಾಗಿ ನನ್ನ ಮೇಲೆ ಹಲ್ಲೆ ಕೇಸು ಬಿತ್ತು. ‘ಅವನನ್ನ ಒಂದೇ ಏಟಿಗೆ ಮಲಗಿಸಿದೆ’ ಅಂತ ಸ್ಟ್ಯಾಂಡ್ ತುಂಬ ಕೊಚ್ಚಿಕೊಂಡಿದ್ದೆ. ಕೋರ್ಟಲ್ಲೂ ಗಂಡಸಿನ ಹಾಗೆ ಒಪ್ಪಿಕೊಳ್ಳೋಣ ಅಂತ ಎದೆಯುಬ್ಬಿಸಿ ಹೊರಟೆ.

ನನ್ನ ಲಾಯರ್ ಮೇಡಂ ಬಾಗಿಲಲ್ಲೇ ತಡೆದರು. “ಇದು ನಿಮ್ಮೂರ ಪಂಚಾಯ್ತಿಕಟ್ಟೆ ಅಲ್ಲರೀ! ಒಪ್ಪಿಕೊಂಡ್ರೆ ಶಿಕ್ಷೆ, ಆಟೋ ಓಡಿಸೋ ಬ್ಯಾಡ್ಜಿಗೂ ಕುತ್ತು. ಒಪ್ಪದಿದ್ರೆ ಏಟು ಬಿದ್ದಿದ್ದನ್ನ ಅವರೇ ಸಾಬೀತು ಮಾಡ್ಬೇಕು. ನಿಜ ಹೇಳಿ, ಹೊಡೆದ್ರಾ?”

ಸುತ್ತ ನೋಡಿ ಪಿಸುಗುಟ್ಟಿದೆ: “ಇಲ್ಲ ಮೇಡಂ. ನಾನು ಕೈ ಎತ್ತೋ ಮೊದಲೇ ಅವನು ಜಾರಿ ಬಿದ್ದ.”

“ಅದನ್ನೇ ಜಡ್ಜ್ ಮುಂದೆ ಹೇಳ್ರೀ!”

ಹಿಂದೆ ಸ್ಟ್ಯಾಂಡಿನವರೆಲ್ಲ ನಿಂತಿದ್ದರು. “ತಪ್ಪು ಒಪ್ಕೋತೀರಾ?” ಅಂತ ಜಡ್ಜ್ ಕೇಳಿದರು. “ನಾನು ಹೊಡೆದೇ ಇಲ್ಲ ಸ್ವಾಮಿ!” ಅಂತ ಕೂಗಿಯೇಬಿಟ್ಟೆ.

ಕೊನೆಗೆ ಸಾಕ್ಷಿ ಇಲ್ಲದೆ ಕೇಸು ಬಿದ್ದುಹೋಯಿತು, ಬ್ಯಾಡ್ಜೂ ಉಳೀತು! ಸ್ಟ್ಯಾಂಡಿನವರು ನನ್ನನ್ನು ಎತ್ತಿ ಕುಣಿದರು. “ಹೊಡೆದೂ ಹೊಡೆದಿಲ್ಲ ಅಂತ ಜಡ್ಜ್‌ಗೇ ಹೇಳ್ದೆಯಲ್ಲ, ಭಲೇ ಮಗಾ!”

ಅವರನ್ನು ತಿದ್ದುವಷ್ಟು ದಡ್ಡ ನಾನಲ್ಲ.