ಮದುವೆ ಹಾಡಿನ ರಾಗದಲ್ಲಿ ಇಂಗ್ಲಿಷು

ಮೊನ್ನೆ ಯಾರೋ ಕೊಟ್ಟ ಹಲಸಿನ ಹಪ್ಪಳದ ಕಟ್ಟು ಬಿಚ್ಚಿದಾಗ ಜಜ್ಜಿದ ಕೊತ್ತಂಬರಿ ಕಾಳಿನ ವಾಸನೆ ಮೂಗಿಗೆ ಬಂತು. ಅದರ ಹಿಂದೆಯೇ 'ರೀಸನ್ ಫಾರ್' ಎಂಬ ಎರಡು ಪದಗಳೂ ಬಂದವು. ಹಪ್ಪಳಕ್ಕೂ ಇಂಗ್ಲಿಷಿಗೂ ಏನು ಸಂಬಂಧ ಎಂದು ಕೇಳುವವರಿಗೆ ನಾನು ಪಕ್ಕದ ಬಿಡಾರದ ಅಕ್ಕನ ವಿಷಯ ಹೇಳಬೇಕು. ಹೇಳುವಷ್ಟು ಸರಿಯಾಗಿ ನೆನಪಿದೆಯೋ ಇಲ್ಲವೋ... ಅದು ಬೇರೆ ಮಾತು.

ನಾನು ಮದುವೆಯಾಗಿ ಶಿರಸಿಗೆ ಬಂದಿದ್ದೆ. ನಮ್ಮ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ಪೇಟೆಯ ಹಿಂದಿನ ಓಣಿಯಲ್ಲಿ, ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಬಿಡಾರಗಳ ಸಾಲು. ನಮ್ಮ ಪಕ್ಕದ್ದರಲ್ಲಿ ಅಕ್ಕ ತನ್ನ ಅಣ್ಣನ ಸಂಸಾರದೊಂದಿಗೆ ಇದ್ದಳು. ಮದುವೆಯಾದ ವರ್ಷವೇ ಅವಳ ಗಂಡ ತೀರಿಕೊಂಡಿದ್ದ. ಅಣ್ಣನ ಮನೆಯ ಅಡುಗೆ ಮಾಡುತ್ತಲೇ ಓದಿ, ಖಾಸಗಿಯಾಗಿ ಮೆಟ್ರಿಕ್ ಪರೀಕ್ಷೆಗೆ ಕಟ್ಟಿದ್ದಳು. ಇಂಗ್ಲಿಷೊಂದನ್ನು ಬಿಟ್ಟು ಎಲ್ಲ ವಿಷಯಗಳೂ ಪಾಸಾಗಿದ್ದವು.

ಇಂಗ್ಲಿಷೂ ಆದರೆ ಮಾಸ್ತರಿಕೆಯ ಟ್ರೇನಿಂಗಿಗೆ ಅರ್ಜಿ ಹಾಕಬಹುದಿತ್ತು. ಆಗದಿದ್ದರೆ ನಂದೊಳ್ಳಿ. ಅಲ್ಲಿ ಗಂಡನ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಅವರಿಗೆ ಸೊಸೆ ನೆನಪಾದದ್ದೇ ಆಗ. ಅಣ್ಣ ಕೆಟ್ಟವನಲ್ಲ, ಆದರೆ ಸೋತಿದ್ದ. ಒಂದು ದಿನ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆಯೇ ಅಂದ: "ಇದೊಂದು ಸಲ ಕಟ್ಟು ತಂಗಿ. ಆಗ್ದಿದ್ರೆ ನಂದೊಳ್ಳಿಗೆ ಹೋಗವು. ಆನು ಎಷ್ಟು ಸಲ ಅವಕ್ಕೆ ನೆಪ ಹೇಳದು?" ನಮ್ಮ ಕಡೆಯ ಮಾತಿನಲ್ಲಿ 'ಹೋಗವು' ಎಂದರೆ ಹೋಗಬೇಕು.

ನಾನು ಕುಮಟೆಯಲ್ಲಿ ಮೆಟ್ರಿಕ್ ಮುಗಿಸಿದ್ದೆ ಎಂಬ ಕಾರಣಕ್ಕೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಓದಿದರೆ ಅರ್ಥವಾಗುತ್ತಿತ್ತು, ಬರೆದರೆ ಕೆಡುತ್ತಿತ್ತು. ಇಂಗ್ಲಿಷಿನಲ್ಲಿ ನಾಮಪದದ ಬೆನ್ನಿಗೆ ಆಫ್, ಫಾರ್, ಇನ್, ಟು ಎಂಬ ಸಣ್ಣ ಪದಗಳು ಬರುತ್ತವಲ್ಲ, ಯಾವುದರ ಬೆನ್ನಿಗೆ ಯಾವುದು ಎಂಬಲ್ಲಿ ಪ್ರತಿ ಸಲ ಎಡವುತ್ತಿದ್ದಳು. ರೀಸನ್ ಆದಮೇಲೆ ಆಫ್ ಹಾಕುವಳು. ಇಂಟರೆಸ್ಟ್ ಆದಮೇಲೆ ಆನ್.

"ಎಂತಕ್ಕೆ ಫಾರ್ ಹೇಳೇ ಬರವು?" ಎಂದು ಕೇಳುವಳು.

"ಹಾಗೇ ರೂಢಿ ಅಕ್ಕ."

"ನಮ್ಮ ಭಾಷೆ ಪಾಪ, ಬಾಲ ಶಬ್ದಕ್ಕೇ ಅಂಟಿಕೊಂಡು ಬತ್ತು. ಇವರದ್ದು ಒಂದೊಂದಕ್ಕೂ ಬೇರೆ ಬೇರೆ ಗಂಡು ಹುಡುಕವು ಮಾರಾಯ್ತಿ!"

ನಾನು ನಿಯಮಗಳನ್ನು ಹುಡುಕಿದೆ. ಒಂದು ನಿಯಮ ಹೇಳಿದ ಮರುಕ್ಷಣ ಅದನ್ನು ಮುರಿಯುವ ಪದ ಎದುರಾಗುತ್ತಿತ್ತು. ಅವಳು ನನ್ನನ್ನೇ ಕನಿಕರದಿಂದ ನೋಡುತ್ತಿದ್ದಳು.

ಆ ಬೇಸಿಗೆಯಲ್ಲಿ ಹಪ್ಪಳ ಮಾಡುತ್ತಲೇ ಪಾಠ ನಡೆಯುತ್ತಿತ್ತು. ನಾನು ಹಿಟ್ಟಿನ ಉಂಡೆ ಕಟ್ಟುತ್ತ ನಾಮಪದ ಹೇಳುತ್ತಿದ್ದೆ. ಅವಳು ಎಣ್ಣೆ ಸವರಿದ ಬಾಳೆಲೆಯ ನಡುವೆ ಉಂಡೆಯಿಟ್ಟು ಮಣೆಯಿಂದ ಒತ್ತುತ್ತ ಉತ್ತರ ಕೊಡುತ್ತಿದ್ದಳು. ಒಂದು ಮಧ್ಯಾಹ್ನ ಉತ್ತರ ಹಾಡಾಗಿ ಬಂತು. ರೀಸನ್ ಫಾರ್, ಡಿಮಾಂಡ್ ಫಾರ್, ಡಿಸೈರ್ ಫಾರ್, ಕ್ಯೂರ್ ಫಾರ್... ಸಾಲಿನ ಕೊನೆಯಲ್ಲಿ ದನಿ ಎಳೆದು, ಇಳಿಸಿ, ಮತ್ತೆ ಎತ್ತಿಕೊಂಡಳು. ಅಂಗಳದ ಹೆಂಗಸರೆಲ್ಲ ನಕ್ಕೆವು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದೆವು. ಅದು ಮದುಮಗಳನ್ನು ಹಸೆಗೆ ಕರೆಯುವ ಹಾಡಿನ ರಾಗ.

ನಮ್ಮ ಕಡೆ ಮದುವೆಯ ಒಂದೊಂದು ಶಾಸ್ತ್ರಕ್ಕೂ ಹೆಂಗಸರ ಒಂದೊಂದು ಹಾಡಿದೆ. ಗಂಡ ಹೋದವಳು ಅದನ್ನು ಹಾಡುವಂತಿರಲಿಲ್ಲ. ಶಾಸ್ತ್ರ ನಡೆಯುವಾಗ ಒಳಗೆ ಇರಬೇಕು. ಹುಡುಗಿಯಾಗಿದ್ದಾಗ ಅಕ್ಕನನ್ನು ಮಂಚಿಕೇರಿ ಸೀಮೆಯ ಮದುವೆಗಳಿಗೆ ಹಾಡಲೆಂದೇ ಕರೆದೊಯ್ಯುತ್ತಿದ್ದರಂತೆ. ನಮ್ಮ ಅಂಗಳದಲ್ಲಿ ಮಾತ್ರ ಯಾರೂ ಅವಳ ದನಿ ಕೇಳಿರಲಿಲ್ಲ.

ಬಿಡಾರಗಳ ಒಡತಿ ಅಜ್ಜಿ ಜಗಲಿಯಿಂದ ಕೂಗಿದಳು: "ಏ ಕೂಸೆ, ಅದು ಎಂತ ಹಾಡು ಹೇಳಿ ಗೊತ್ತಿದ್ದ?"

"ಇಂಗ್ಲಿಷು ಅಜ್ಜಿ," ಎಂದಳು ಅಕ್ಕ, ತಲೆ ಎತ್ತದೆ.

"ರಾಗ?"

"ಯಂಗೆ ಬಪ್ಪ ರಾಗ ಇದೇಯ. ಇಂಗ್ಲಿಷಿಗೂ ಮುತ್ತೈದೆಯೇ ಆಗವು ಹೇಳಿ ಎಲ್ಲಾದ್ರೂ ಇದ್ದ?"

ಅಜ್ಜಿ ಜಗಲಿಯ ಅಂಚಿಗೆ ಸರಿದು ಕೂತಳು. ಆಮೇಲೆ, "ಹಾಂಗಾದ್ರೆ ಜೋರಾಗಿ ಹೇಳು. ಯನ್ನ ಕಿವಿ ಮಂದ," ಅಂದಳು.

ಇದನ್ನು ಬರೆದು ಓದಿದರೆ ಅಜ್ಜಿ ಬೇಕಾದ್ದಕ್ಕಿಂತ ಜಾಣೆಯಾಗಿ ಕಾಣುತ್ತಾಳೆ. ಅವಳು ಸಿಟ್ಟಿನಿಂದ ತಂಬಿಗೆ ಕುಕ್ಕಿ ಒಳಗೆ ಹೋದಳು ಎಂದು ನನ್ನ ಗಂಡ ಹೇಳುತ್ತಿದ್ದರು. ಅವರು ಆಗ ಮನೆಯಲ್ಲೇ ಇರಲಿಲ್ಲ. ಒಂದೇ ದಿನ ಎರಡೂ ನಡೆದಿರಬಹುದು... ಹಾಡು ಮಾತ್ರ ನಿಲ್ಲಲಿಲ್ಲ. ಎಣ್ಣೆ ಹಚ್ಚುವ ಹಾಡಿಗೆ ಆಫ್ ಬೇಡುವ ಪದಗಳೆಲ್ಲ ಸೇರಿದವು. ಆರತಿಯ ಹಾಡಿಗೆ ಟು ಬೇಡುವವು: ಅಟೆನ್ಷನ್ ಟು, ಆನ್ಸರ್ ಟು, ಡೇಂಜರ್ ಟು. ನಾಮಪದ ಕೇಳಿದೊಡನೆ ಅವಳಿಗೆ ರಾಗ ಬರುತ್ತಿತ್ತು, ರಾಗದ ಜೊತೆಗೆ ಸಣ್ಣ ಪದ. ಮಳೆಗಾಲದುದ್ದಕ್ಕೂ ಗೋಡೆಯ ಆಚೆಯಿಂದ ಒಂದು ಮದುವೆಯೇ ಕೇಳುತ್ತಿತ್ತು.

ಪರೀಕ್ಷೆ ಮುಗಿಸಿ ಬಂದವಳು ಕೊಡೆಯನ್ನು ಮೂಲೆಗಿಟ್ಟು ನಗತೊಡಗಿದಳು. ಬರೆಯುವಾಗ ಅವಳಿಗೆ ಗೊತ್ತಿಲ್ಲದೆ ತುಟಿ ಅಲ್ಲಾಡುತ್ತಿತ್ತಂತೆ. ಮೇಲ್ವಿಚಾರಣೆಯ ಮಾಸ್ತರು ಹತ್ತಿರ ಬಂದು, "ಏನ್ರಿ ಅದು, ಜಪಾ ಮಾಡ್ತೀರೇನು?" ಎಂದು ಗದರಿದರಂತೆ. "ಹೌದ್ರಿ ಅಂದೆ. ಪಾಪ, ಕೈ ಮುಗಿದಾಂಗೆ ಮಾಡಿ ಹೋದ್ರು."

ಪಾಸಾದಳು. ಸುದ್ದಿ ತಂದ ಅಣ್ಣ ಓಣಿಯ ತುದಿಯಿಂದಲೇ ಕೂಗಿದ್ದ: "ತಂಗೀ, ನಂದೊಳ್ಳಿಯವು ಬೇರೆಯವ್ರನ್ನ ಹುಡುಕ್ಯಳ್ಳಲಿ!"

ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಚೆಂದ. ಆದರೆ ಅವಳು ಟ್ರೇನಿಂಗಿಗೆ ಹೊರಡುವ ಮೊದಲು ಅದೇ ಅಂಗಳದಲ್ಲಿ ಅಜ್ಜಿಯ ಮೊಮ್ಮಗಳ ಮದುವೆ ನಡೆಯಿತು. ಮದುಮಗಳನ್ನು ಹಸೆಗೆ ಕರೆಯುವಾಗ ಹಾಡು ನಡುವೆಯೇ ನಿಂತಿತು, ಮುಂದಿನ ಸಾಲು ಯಾರಿಗೂ ನೆನಪಾಗಲಿಲ್ಲ. ಹೆಂಗಸರ ಕಣ್ಣೆಲ್ಲ ಅಡುಗೆಮನೆಯ ಬಾಗಿಲ ಕಡೆ ತಿರುಗಿದವು. ಅಕ್ಕ ಒಳಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಅವಳ ಕೈ ನಿಂತಿತು. ಯಾರಾದರೂ ಕರೆಯುತ್ತಾರೆಂದು ಕಾದಳೋ, ಕರೆದುಬಿಟ್ಟಾರೆಂದು ಹೆದರಿದಳೋ ನನಗೆ ತಿಳಿಯದು. ಅಜ್ಜಿಯೂ ಕರೆಯಲಿಲ್ಲ. ಒಂದು ಸಾಲು ಬಿಟ್ಟು ಹಾಡು ಮುಂದೆ ಹೋಯಿತು. ಈಳಿಗೆಮಣೆಯ ಸದ್ದು ಮತ್ತೆ ಶುರುವಾಯಿತು.

ಅವಳಿಗೆ ಯಲ್ಲಾಪುರದ ಕಡೆ ಶಾಲೆ ಸಿಕ್ಕಿತು. ನಾವೂ ಶಿರಸಿ ಬಿಟ್ಟೆವು. ಹೀಗೇ ಅವಳು ನನ್ನಿಂದ ತಪ್ಪಿಹೋದಳು... ಎಷ್ಟೋ ಕಾಲದ ಮೇಲೆ ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಮಾತಿಗೆ ಸಿಕ್ಕ ಹೆಂಗಸೊಬ್ಬಳು ಅವಳ ಶಿಷ್ಯೆ ಎಂದು ತಿಳಿಯಿತು. ಅಕ್ಕ ತೀರಿಕೊಂಡ ಸುದ್ದಿಯನ್ನೂ ಅವಳೇ ಹೇಳಿದಳು. ಕಡೆಯವರೆಗೂ ತನ್ನದೇ ಬಿಡಾರ, ತನ್ನದೇ ಒಲೆ. ನನಗೆ ಸಮಾಧಾನವೆನಿಸಿತು.

"ನಮ್ಮ ಅಕ್ಕೋರು ಇಂಗ್ಲಿಷ್ ಹಾಡಿನಲ್ಲೇ ಕಲಿಸೋರು," ಎಂದಳು ಶಿಷ್ಯೆ. "ನನ್ನ ಮದುವೇಲಿ ನಾನೇ ಕೈ ಹಿಡಿದು, ಅಕ್ಕೋರೇ, ನೀವೇ ಹಸೆಗೆ ಕರೀರಿ ಅಂದೆ. ಯಾರು ಬೇಡ ಅಂತಿದ್ರು? ಕೈ ಬಿಡಿಸ್ಕೊಂಡು, ನಂಗೆ ಬರೋದು ಇಂಗ್ಲಿಷ್ ಒಂದೇ ಕಣೆ ಅಂದುಬಿಟ್ರು. ಎಲ್ಲರೂ ನಕ್ಕಿದ್ದೇ ನಕ್ಕಿದ್ದು!"

ನಾನೂ ನಗಲು ನೋಡಿದೆ. ಅಷ್ಟರಲ್ಲಿ ಅವಳ ಬಸ್ಸು ಬಂತು.

ಅದು ತಮಾಷೆಯೋ, ಹಳೆಯ ಹೆದರಿಕೆಯೋ, ಇಷ್ಟು ತಡವಾಗಿ ಕರೆದವರಿಗೆ ಕೊಟ್ಟ ಉತ್ತರವೋ, ಅಥವಾ ಮಾತುಗಳು ನಿಜಕ್ಕೂ ಮರೆತುಹೋಗಿದ್ದವೋ... ಕೇಳೋಣವೆಂದರೆ ಅವಳಿಲ್ಲ. ಮೊನ್ನೆ ಒಬ್ಬಳೇ ಕೂತು ಆ ರಾಗವನ್ನು ಗುನುಗಿದೆ. ಪೂರ್ತಿ ಬಂತು. ಅದರ ಕನ್ನಡದ ಮಾತು ಎಲ್ಲೆಲ್ಲೋ ಕೇಳಿದ್ದೇನೆ, ಅವಳ ಬಾಯಿಂದ ಒಮ್ಮೆಯೂ ಕೇಳಲಿಲ್ಲ.