ಮಣೆಯ ಮೇಲೆ ನಿಂತು ಹಚ್ಚಿದ ಒವನ್

ಬೀಗದ ಕೈ ಕೊಡುವ ಮೊದಲೇ ಮನೆಯೊಡತಿ ನಾಗರತ್ನಮ್ಮ ಹೇಳಿದ್ದರು: "ಏನಾರ ಮಾಡ್ಕೊಳ್ಳಿ, ಗೋಡೆಗೆ ಮಾತ್ರ ಒಂದು ಮೊಳೆನೂ ಹೊಡೀಬೇಡಿ ಕಣ್ರೀ." ನಾನು ಬೆಚ್ಚಿಬಿದ್ದೆ. ರಾಯಚೂರಿನ ನಮ್ಮ ಮನೆಯಲ್ಲಿ ಕ್ಯಾಲೆಂಡರು, ಜರಡಿ, ಅಪ್ಪನ ಅಂಗಿ ಎಲ್ಲವೂ ಮೊಳೆಯ ಮೇಲೇ ಬದುಕುತ್ತವೆ. ಮೈಸೂರಿನಲ್ಲಿ ಗೋಡೆಗೂ ಇಷ್ಟು ಮರ್ಯಾದೆಯೇ ಅನ್ನಿಸಿತು.

ಗಂಡನಿಗೆ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಕೆಲಸ. ಅವರು ಶಿಫ್ಟಿಗೆ ಹೋದರೆ ಉಳಿಯುವುದು ನಾನು ಮತ್ತು ಆ ಬೋಳು ಗೋಡೆಗಳು. ಅಂಗಡಿಯಲ್ಲಿ "ಪುಂಡಿಪಲ್ಯ ಐತೇನ್ರಿ" ಎಂದು ನಮ್ಮ ಹುಳಿಸೊಪ್ಪು ಕೇಳಿದರೆ ಪಿಳಿಪಿಳಿ ನೋಡುತ್ತಿದ್ದರು. ರೊಟ್ಟಿ ಬಡಿಯುವ ಸದ್ದು ಕೇಳಿ ಮಹಡಿಯಿಂದ ಇಳಿದು ಬಂದವರು ನಾಗರತ್ನಮ್ಮ ಒಬ್ಬರೇ. ರೊಟ್ಟಿ ತಿಂದರು, ನನಗೆ ಮಸ್ಸೊಪ್ಪು ಕಲಿಸಿದರು. ಸೊಪ್ಪು, ಬೇಳೆ ಬೇಯಿಸಿ ಮಸೆದು ಮಾಡುವ ಸಾರು ಅದು. ಈ ಊರು ನನ್ನ ಬಾಯಿಗೆ ಹಿಡಿಸಿದ್ದು ಅಂದೇ.

ಬೇಸರ ಕಳೆಯಲು ಕೇಕ್ ಕಲಿತೆ, ಕರೆಂಟಿನ ಒವನ್ ತಂದೆವು. ಅದರ ಮೂರು ಕಡ್ಡಿಯ ದಪ್ಪ ಪ್ಲಗ್ಗು ಅಡುಗೆಮನೆಯ ಸಾಕೆಟ್ಟಿಗೆ ಹಿಡಿಯಲಿಲ್ಲ. ವಿಜಯನಗರದಿಂದ ಬಂದ ಎಲೆಕ್ಟ್ರಿಷಿಯನ್ ತಲೆಯಾಡಿಸಿದ. "ಇದು ಮಿಕ್ಸಿ ಪಾಯಿಂಟು ಅಕ್ಕಾ. ಈ ವೈರ್ ತಡಿಯಲ್ಲ, ಅರ್ತೂ ಬಂದಿಲ್ಲ. ಮೇನ್‌ನಿಂದ ಬೇರೆ ದಪ್ಪ ವೈರ್ ಎಳೀಬೇಕು. ಗೋಡೆ ಕೊರೀಬೇಕಾಗತ್ತೆ, ಓನರ್‌ನ ಕೇಳ್ಬುಡಿ." ಒವನ್ನಿನ ಮೈಗೆ ಕರೆಂಟ್ ಹತ್ತಿದರೆ ಅದನ್ನು ನಮ್ಮ ಮೈಗೆ ಬಿಡದೆ ನೆಲಕ್ಕೆ ಇಳಿಸುವ ತಂತಿಯೇ ಅರ್ತ್ ಎಂದೂ ತಿಳಿಸಿ ಹೋದ.

ಮೊಳೆಯೇ ಬೇಡ ಎಂದವರಿಗೆ ಗೋಡೆ ಕೊರೆಯುವ ಮಾತು ಹೇಗೆ ಎತ್ತುವುದು? ಎತ್ತಲಿಲ್ಲ. ಗಂಡ ಎರಡು ಕಡ್ಡಿಯ ಅಡಾಪ್ಟರ್ ತಂದು ಸಿಕ್ಕಿಸಿದರು. "ಏನಾಗಂಗಿಲ್ಲ ಬಿಡು, ಊರಾಗ ಎಲ್ಲಾರೂ ಹಿಂಗ ಮಾಡ್ತಾರ."

ಕೆಲವೇ ದಿನಗಳಲ್ಲಿ ಒವನ್ ಮುಟ್ಟಿದರೆ ಕೈ ಜುಂ ಅನ್ನತೊಡಗಿತು. ನನಗೆ ಹೆದರಿಕೆಯೇ ಆಗಲಿಲ್ಲ. ಊರಿನ ನಮ್ಮ ಕೂಲರ್ ಕೂಡ ಹಾಗೇ ಅಲ್ಲವೇ? ಬೇಸಿಗೆಯಲ್ಲಿ ಮರದ ಮಣೆಯ ಮೇಲೆ ನಿಂತು ಅದಕ್ಕೆ ನೀರು ತುಂಬುತ್ತಿದ್ದೆವು. ಇದನ್ನು ಓದುತ್ತಿರುವ ನೀವೂ ಎಷ್ಟೋ ಮಂದಿ ಇಂದಿಗೂ ಹಾಗೆ ನಿಲ್ಲುತ್ತೀರಿ. ಇಲ್ಲಿಯೂ ಒಂದು ಮಣೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಕೇಕ್ ಬೇಯಲಿಟ್ಟು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಆಗಷ್ಟೇ ಬಾಗಿಲು ಸಾರಿಸಿದ್ದ ನಾಗರತ್ನಮ್ಮ ಒದ್ದೆ ಕಾಲಿನಲ್ಲೇ ಒಳಗೆ ಬಂದರು. "ಸೀದ್ ವಾಸ್ನೆ ಬರ್ತಿದೆ ಕಣಮ್ಮ, ನಾನೇ ತೆಗೀತೀನಿ." "ಬ್ಯಾಡ್ರಿ!" ಎಂದು ನಾನು ಕೂಗುವಷ್ಟರಲ್ಲಿ ಮುಗಿದಿತ್ತು. ಒವನ್ ಬಾಗಿಲಿನ ಲೋಹದ ಹಿಡಿ ಅವರ ಬಲಗೈ ಬಿಡುತ್ತಿರಲಿಲ್ಲ. ಮೆಟ್ಟಿಲ ಕೆಳಗಿನ ಮೇನ್ ಸ್ವಿಚ್ಚಿಗೆ ಓಡಿ ಇಳಿಸಿದೆ. ಅವರು ನೆಲಕ್ಕೆ ಕುಸಿದರು.

ಜೀವ ಉಳಿಯಿತು. ಅಂಗೈ ಸುಟ್ಟು ಬೆರಳುಗಳು ಮಡಚಿಕೊಂಡೇ ಉಳಿದವು. ಅವರ ಯಜಮಾನರು "ನಮ್ಮ ಹಳೇ ವೈರಿಂಗೇ ಸರಿ ಇರ್ಲಿಲ್ಲ" ಎಂದು ತಮ್ಮನ್ನೇ ಬೈದುಕೊಂಡು, ಗೋಡೆ ಕೊರೆಸಿ ಅರ್ತ್ ಕೊಡಿಸಿದರು. ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್ಚನ್ನೂ ಹಾಕಿಸಿದರು. ಕೇಳಿದ್ದರೆ ಮೊದಲೇ ಕೊರೆಸುತ್ತಿದ್ದರು.

ಕೊನೆಗೆ ತಡೆಯಲಾರದೆ ನಾಗರತ್ನಮ್ಮನವರ ಮುಂದೆ ಕೂತು ಹೇಳಿಬಿಟ್ಟೆ. "ಜುಂ ಅಂತಿದ್ದದ್ದು ನನಗ ಗೊತ್ತಿತ್ರಿ. ಮನಿ ಬಿಡಸ್ತೀರಿ ಅಂತ ಅಂಜಿ ಹೇಳಲಿಲ್ಲ."

ಅವರು ನನ್ನನ್ನೇ ನೋಡಿದರು. "ನಾನೇನು ರಾಕ್ಷಸಿನಾ? ಒಂದ್ ಮಾತು ಹೇಳ್ಬಾರ್ದಿತ್ತಾ?" ಎಂದು ಮಗ್ಗುಲು ತಿರುಗಿ ಮಲಗಿದರು. ಹೋಗಲಿ ಬಿಡು ಎನ್ನಲಿಲ್ಲ. ಮರುದಿನ ಬೆಳಿಗ್ಗೆ ಮೇಲಿನಿಂದ ಕೂಗು ಬಂತು: "ಬಾಮ್ಮ, ತಲೆ ಬಾಚು." ಅಂದಿನಿಂದ ದಿನವೂ ಅವರ ಜಡೆ ಹೆಣೆಯುತ್ತೇನೆ.

ಈಗ ಗಂಡನಿಗೆ ರಾಯಚೂರಿನಲ್ಲೇ ಕೆಲಸ ಸಿಕ್ಕಿದೆ. ನನ್ನ ಜೀವವೂ ಅಲ್ಲಿಗೇ ಎಳೆಯುತ್ತದೆ. "ಯಾವಾಗ ಬರ್ತೀಯವ್ವಾ?" ಎಂದು ಅವ್ವ ಬೆಳಿಗ್ಗೆ ಬೆಳಿಗ್ಗೆಯೇ ಫೋನ್ ಮಾಡುತ್ತಾಳೆ.

"ಆಮ್ಯಾಲೆ ಮಾತಾಡ್ತೀನಿ ಅವ್ವಾ," ಎನ್ನುತ್ತೇನೆ, "ಮ್ಯಾಲೆ ಅವರು ಕೂದಲಾ ಬಿಚ್ಚಿಕೊಂಡು ಕುಂತಾರ."